ನಾಲ್ಕನೆಯ ದಿನ, ಮೂರರಿಂದ ಐದು

ಊರ ಹೆಸರು ಮೌನ್. ಮೌನವೇನೂ ಇಲ್ಲ ಅಲ್ಲಿ:
ಪೆಟ್ರೋಲ್ ಬಂಕಿನಲ್ಲಿ ಕತ್ತೆಗಳ ಕೂಗಾಟ,
ನೆತ್ತಿಯ ಮೇಲೆ ಹತ್ತು ನಿಮಿಷಕ್ಕೊಂದು
ಮಿಡತೆಯಂಥ ವಿಮಾನ.
ತಗಡಿನ ಸೂರಿನ ಕಚೇರಿಯಲ್ಲಿ ಗೊರಾಟ
ನಾರ್ವೆಯ ಇಬ್ಬರ ಹನ್ನೊಂದು ದಿನಗಳನ್ನು
ಅಳೆದೂ ಸುರಿದೂ ಹೊಂದಿಸುತ್ತಿದ್ದಾಳೆ.

ಚೀಲ ಮೆತ್ತಗಿರಲಿ, ಇಪ್ಪತ್ತು ಕಿಲೋ ಮೀರದಿರಲಿ,
ಗಾಲಿಯ ಪೆಟ್ಟಿಗೆಗೆ ಆ ಮಿಡತೆಯ ಹೊಟ್ಟೆಯಲ್ಲಿ ಜಾಗವಿಲ್ಲ.
ಕಡುನೀಲಿ ಅಂಗಿ ಬೇಡ,
ತ್ಸೆತ್ಸೆ ನೊಣಕ್ಕೆ ಆ ಬಣ್ಣವೆಂದರೆ ಪ್ರಾಣ.
ಜುಲೈ ಬೆಳಗಿನ ತೆರೆದ ಜೀಪಿಗೆ ಉಣ್ಣೆಯ ಟೋಪಿ;
ಆಫ್ರಿಕಾದಲ್ಲಿ ಚಳಿಯೇ ಎಂದು ನಗಬೇಡಿ,
ನಿಮ್ಮ ದೇಶದವರೇ ಇಲ್ಲಿ ಹಲ್ಲು ಕಟಕಟಿಸಿದ್ದನ್ನು ಕಂಡಿದ್ದೇನೆ.

ಗೋಡೆಯ ನಕ್ಷೆಯಲ್ಲಿ ಗುಂಡುಸೂಜಿ, ಕೆಂಪು ದಾರ:
ಎರಡು ರಾತ್ರಿ ದೋಣಿಯ ದ್ವೀಪ, ಮೂರು ಮೊರೆಮಿ,
ಸವೂಟಿಯ ಮರಳು, ಚೋಬೆಯ ದಂಡೆ,
ಕೊನೆಗೆ ಗಡಿಯಾಚೆ ಜಲಪಾತ.
ಸೇತುವೆಯಿಂದ ಕಾಲಿಗೆ ಹಗ್ಗ ಕಟ್ಟಿ ಹಾರುವುದು
ತೋರ್ಗೈರನ ಆಸೆ. ಇಂಗ್‌ವಿಲ್ ಅದನ್ನು
ನೋಡುವುದಿಲ್ಲವಂತೆ, ಕಾಫಿ ಕುಡಿಯುತ್ತಾಳಂತೆ.
ಅದನ್ನೂ ಬರೆದುಕೊಂಡಳು: ಕಾಫಿ, ಒಬ್ಬರಿಗೆ.

ದಾರ ಎಳೆಯುವಾಗ ಒಂದು ಕಡೆ ಬೆರಳು ತಡೆಯುತ್ತದೆ.
ನಕ್ಷೆಯಲ್ಲಿ ಹೆಸರಿಲ್ಲದ ಆ ಬಿಳಿ ಜಾಗ
ಅವಳ ತಾಯಿಯ ಜೋಳದ ಹೊಲ.
ಆನೆ ನಡೆದದ್ದೇ ದಾರಿ ಅನ್ನುತ್ತಾರಲ್ಲ,
ಅಲ್ಲಿ ಅದು ಗಾದೆಯಲ್ಲ:
ಹೋದ ಏಪ್ರಿಲ್‌ನಲ್ಲಿ ಒಂದೇ ರಾತ್ರಿ ಹದಿನಾಲ್ಕು ದಾರಿ.
ಬೇಲಿಗೆ ಮೆಣಸಿನಪುಡಿ ಬಳಿದ ಎಣ್ಣೆಬಟ್ಟೆ ಕಟ್ಟಿ
ತಾಯಿ ಡಬ್ಬ ಬಡಿಯುತ್ತ ಬೆಳಗು ಮಾಡಿದ್ದಳು.
'ಆನೆ ಹತ್ತಿರದಿಂದ ಕಾಣುತ್ತದೆಯೇ?' ಇಂಗ್‌ವಿಲ್ ಕೇಳಿದ್ದಳು.
ಕಾಣುತ್ತದೆ ಮೇಡಂ, ಎಂದು ಉತ್ತರ ಹೋಗಿದೆ.

ಇವತ್ತಿನ ಪತ್ರ ಚಿಕ್ಕದು:
'ಎಲ್ಲ ಚೆನ್ನಾಗಿದೆ. ನಾಲ್ಕನೆಯ ದಿನ ಮಾತ್ರ
ಮೂರರಿಂದ ಐದು ಖಾಲಿ ಇದ್ದಂತಿದೆ.
ಏನಾದರೂ ಸೇರಿಸಬಹುದೇ? ಸಿಂಹವಾದರೆ ಇನ್ನೂ ಒಳ್ಳೆಯದು.'

ಸಿಂಹಕ್ಕೆ ಪಟ್ಟಿ ಕಳಿಸಿದ್ದೇವೆ, ಇನ್ನೂ ಸಹಿ ಬಂದಿಲ್ಲ
ಎಂದು ಬರೆದು, ಅಳಿಸಿ,
ಚಹಾಕ್ಕೆ ಬಂದಿದ್ದ ಒಡಿರಿಲೆಯನ್ನು ಕೇಳಿದಳು.
ಮೂವತ್ತು ವರ್ಷ ಮೊಕೊರೊ ದೋಣಿ ನೂಕಿದವನು,
ಕೋಲು ಹಿಡಿದು ಹಿಡಿದು ಅಂಗೈ ತೊಗಟೆಯಾದವನು.
'ಆ ಹೊತ್ತಿನಲ್ಲಿ ಏನು ಮಾಡುತ್ತೀ?'
'ನೆರಳಿಗೆ ದೋಣಿ ಕಟ್ಟುತ್ತೇನೆ.'
'ಆಮೇಲೆ?'
ಅವನು ಸಕ್ಕರೆ ಕಲಕಿದ. ಇನ್ನೊಂದು ಚಮಚ ಹಾಕಿಕೊಂಡ.

ಅಷ್ಟರಲ್ಲಿ ಬೀದಿಯ ತುಂಬ ಕೂಗು:
ಮೆತ್ಸಿ! ಮೆತ್ಸಿ! ನೀರು ಬಂತು!

ಮೋಡದ ಚೂರೂ ಇಲ್ಲದ ಜೂನ್.
ಜನವರಿಯಲ್ಲಿ ಅಂಗೋಲಾದ ಗುಡ್ಡಗಳ ಮೇಲೆ ಬಿದ್ದ ಮಳೆ
ಜೊಂಡಿನಲ್ಲಿ ಐದು ತಿಂಗಳು ತಡವರಿಸಿ
ಯಾರ ಪಟ್ಟಿಯಲ್ಲೂ ಇಲ್ಲದ ಈ ಮಧ್ಯಾಹ್ನ
ಥಮಲಕಾನೆಯ ಒಣ ಪಾತ್ರದಲ್ಲಿ ನಾಲಿಗೆ ಚಾಚಿತ್ತು.
ಹೊಳೆ ಎನ್ನಲಾಗದು. ಅಂಗೈಯಗಲದ ನೊರೆ,
ಕತ್ತೆಯ ಲದ್ದಿ, ತೇಲುವ ಇರುವೆ, ಒಂಟಿ ಹವಾಯಿ ಚಪ್ಪಲಿ;
ಅಂಬೆಗಾಲಿಡುವ ಕೂಸಿಗಿಂತ ನಿಧಾನ.
ಮಕ್ಕಳು ಅದರ ಮುಂದೆ ಹಿಮ್ಮುಖವಾಗಿ ನಡೆಯುತ್ತ
ಬಾ, ಬಾ ಎಂದು ಕರೆಯುತ್ತಿದ್ದರು.
ಬ್ಯಾಂಕಿನ ಗುಮಾಸ್ತ ಬೂಟು ಬಿಚ್ಚಿದ.
ಒಡಿರಿಲೆ ಕುಕ್ಕರಗಾಲಲ್ಲಿ ಕೂತು ಬೆರಳು ಅದ್ದಿ, ನೆಕ್ಕಿ,
ಯಾರನ್ನೋ ಗುರುತು ಹಿಡಿದವನಂತೆ ತಲೆಯಾಡಿಸಿದ.
ಗೊರಾಟ ನಿಂತಲ್ಲೇ ನಿಂತಳು,
ಅದು ಅವಳ ಹೆಬ್ಬೆರಳು ಮುಟ್ಟುವ ತನಕ,
ಮುಟ್ಟಿ ದಾಟುವ ತನಕ.
ಗಡಿಯಾರ ನೋಡಿದಾಗ ಐದೂಕಾಲು.

ಕಚೇರಿಯ ನೆಲದ ಮೇಲೆ ಒದ್ದೆ ಪಾದ ಅಚ್ಚೊತ್ತಿ
ಪತ್ರ ತೆರೆದಳು:
'ನಾಲ್ಕನೆಯ ದಿನ, ಮೂರರಿಂದ ಐದು: ಕಾಯ್ದಿರಿಸಲಾಗಿದೆ.'
ಯಾವುದಕ್ಕೆ ಎಂದು ಬರೆಯಲಿಲ್ಲ.
ದರದ ಕಾಲಮ್ಮಿನಲ್ಲಿ ತುಸು ಹೊತ್ತು ಯೋಚಿಸಿ
ಒಂದು ಗೆರೆ ಎಳೆದಳು.
ಸಿಂಹದ ಮಾತಿಗೆ ಉತ್ತರ ನಾಳೆ.